'ಹೋಗಿದ್ದೆ' ಎಂದರೆ 'ಹ್ಯಾಡ್ ಗಾನ್' ಅಲ್ಲವೇ?

ಪ್ರಶ್ನೆ: ಆಫೀಸಿನ ಮೇಲ್‌ನಲ್ಲಿ 'ಐ ಹ್ಯಾಡ್ ಗಾನ್ ಟು ಹಾಸನ್ ಯೆಸ್ಟರ್‌ಡೇ' ಎಂದು ಬರೆದಿದ್ದೆ. ಮ್ಯಾನೇಜರ್ ಅದನ್ನು 'ಐ ವೆಂಟ್' ಎಂದು ತಿದ್ದಿದರು. 'ನಿನ್ನೆ ಹಾಸನಕ್ಕೆ ಹೋಗಿದ್ದೆ' ಎನ್ನಲು 'ಹ್ಯಾಡ್ ಗಾನ್' ಸರಿಯಲ್ಲವೇ?

ಉತ್ತರ: ತಿದ್ದಿದ್ದು ಸರಿಯಾಗಿಯೇ ಇದೆ. ಆದರೆ ಇದು ನಿಮ್ಮ ಅಜಾಗ್ರತೆಯಲ್ಲ, ಕನ್ನಡದ ಜಾಯಮಾನ. 'ನಿನ್ನೆ ಹಾಸನಕ್ಕೆ ಹೋದೆ' ಎಂದಷ್ಟೇ ಹೇಳಿ ನಿಲ್ಲಿಸಿ ನೋಡಿ, ಕೇಳುವವರು 'ಆಮೇಲೆ?' ಎಂದು ಕಾಯುತ್ತಾರೆ. 'ಹೋಗಿದ್ದೆ' ಎಂದರೆ ಹೋಗಿ ಬಂದದ್ದೂ ಆಯಿತು, ಮಾತೂ ಮುಗಿಯಿತು. ಇಂಗ್ಲಿಷಿನ 'ಹ್ಯಾಡ್' ಈ ಕೆಲಸ ಮಾಡುವುದಿಲ್ಲ. ಅಲ್ಲಿ ಮುಗಿದ ಕೆಲಸಕ್ಕೆ 'ವೆಂಟ್' ಸಾಕು.

'ಹ್ಯಾಡ್' ಬೇಕಾಗುವುದು ಹಿಂದೆ ನಡೆದ ಒಂದು ಸಂಗತಿಗಿಂತಲೂ ಹಿಂದಿನದನ್ನು ಹೇಳುವಾಗ. 'ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್': ನೀವು ಬರುವಷ್ಟರಲ್ಲೇ ಬಸ್ ಹೋಗಿಯಾಗಿತ್ತು. ಅದನ್ನೇ 'ದ ಬಸ್ ಲೆಫ್ಟ್' ಎಂದರೆ ನೀವು ಬಂದಿರಿ, ಬಸ್ ಆಗ ಹೊರಟಿತು ಎಂದಾಗುತ್ತದೆ. ಒಂದೇ ಪದದಿಂದ ಬಸ್ ಸಿಕ್ಕಿತೋ ಇಲ್ಲವೋ ಎಂಬುದೇ ಬದಲಾಗಬಹುದು. 'ಬಿಫೋರ್', 'ಆಫ್ಟರ್' ಇದ್ದರೆ ಹಿಂದು ಮುಂದು ತಾನೇ ತಿಳಿಯುವುದರಿಂದ 'ಹ್ಯಾಡ್' ಬಿಟ್ಟರೂ ಸಾಮಾನ್ಯವಾಗಿ ನಡೆಯುತ್ತದೆ.

ಅನುಮಾನ ಬಂದಾಗ ಕನ್ನಡ ವಾಕ್ಯದಲ್ಲಿ 'ಅಷ್ಟರಲ್ಲಾಗಲೇ' ಸೇರಿಸಿ ನೋಡಿ. 'ಅಷ್ಟರಲ್ಲಾಗಲೇ ಬಸ್ ಹೋಗಿತ್ತು' ಸಲೀಸಾಗಿ ಕೂರುತ್ತದೆ, 'ಹ್ಯಾಡ್' ಇರಲಿ. 'ನಿನ್ನೆ ಅಷ್ಟರಲ್ಲಾಗಲೇ ಹಾಸನಕ್ಕೆ ಹೋಗಿದ್ದೆ' ಎಂದರೆ ಎಷ್ಟರಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಮೇಲ್‌ನಲ್ಲೇ ಇಲ್ಲದಿದ್ದರೆ 'ಹ್ಯಾಡ್' ತೆಗೆಯಿರಿ.

ತೆಗೆದ ಜಾಗಕ್ಕೆ 'ಹ್ಯಾವ್' ತುಂಬಬೇಡಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, 'ಇನ್ 2019' ಎಂದು ಮುಗಿದ ಕಾಲ ಹೇಳಿದ ಮೇಲೆ 'ಐ ಹ್ಯಾವ್ ಗಾನ್' ಹೊಂದುವುದಿಲ್ಲ. 'ಹ್ಯಾಡ್ ವೆಂಟ್' ಅಂತೂ ಎಲ್ಲೂ ಸಲ್ಲದು, 'ಹ್ಯಾಡ್' ಜೊತೆ ಮೂರನೆಯ ರೂಪವಾದ 'ಗಾನ್' ಮಾತ್ರ.

'ಹ್ಯಾಡ್' ತಾನೇ ಮುಖ್ಯ ಕ್ರಿಯಾಪದವಾದಾಗ ಈ ಲೆಕ್ಕ ಬೇಡ. 'ಐ ಹ್ಯಾಡ್ ಟಿಫಿನ್ ಅಟ್ 8' ಸರಿ. 'ತಿನ್ನಲಿಲ್ಲ' ಎನ್ನಲು 'ಡಿಡ್ ನಾಟ್ ಹ್ಯಾವ್' ಎನ್ನಬೇಕು, 'ಡಿಡ್ ನಾಟ್ ಹ್ಯಾಡ್' ಅಲ್ಲ, ಏಕೆಂದರೆ ಭೂತಕಾಲವನ್ನು 'ಡಿಡ್' ಆಗಲೇ ಹೊತ್ತಿರುತ್ತದೆ. ಇನ್ನು 'ದೇ ಹ್ಯಾಡ್ ಹ್ಯಾಡ್ ಲಂಚ್ ಬಿಫೋರ್ ವಿ ಕೇಮ್' ಎಂಬುದು ಅಚ್ಚಿನ ತಪ್ಪಲ್ಲ: ಮೊದಲನೆಯ 'ಹ್ಯಾಡ್' ಕಾಲ ಹೇಳುತ್ತದೆ, ಎರಡನೆಯದು ಊಟ ಮಾಡಿದ್ದನ್ನು.