ಜೀನ್ ರಿಪೋರ್ಟ್ ಬರಲಿ ಅಂತ ಆಪರೇಷನ್ ಮುಂದೂಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಾಯಿ ಕ್ಯಾನ್ಸರ್ ಬಗ್ಗೆ ಒಂದೇ ಪ್ರಶ್ನೆ. ಬೇಲೂರಿನಿಂದಲೂ ಅದೇ, ಅರಸೀಕೆರೆಯಿಂದಲೂ ಅದೇ. ಓಪಿಡಿಯಲ್ಲಿ ಉತ್ತರಿಸಿ ಬಾಯಿ ಒಣಗಿದೆ. ಅದಕ್ಕೇ ಇಲ್ಲಿ ಅದಕ್ಕೆ ಜಾಸ್ತಿ ಜಾಗ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಕೆನ್ನೆಯ ಒಳಗಿನ ಹುಣ್ಣು ದವಡೆ ಮೂಳೆಗೂ ಇಳಿದಿದೆ, ನಾಲ್ಕನೇ ಹಂತ ಎಂದಿದ್ದಾರೆ. ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಆದರೆ ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿದರೆ ಅದು ಹರಡುತ್ತದೋ ಇಲ್ಲವೋ ಮೊದಲೇ ಗೊತ್ತಾಗುತ್ತದೆ ಎಂದು ಒಂದು ಲ್ಯಾಬಿನವರು ಹೇಳುತ್ತಾರೆ. ರಿಪೋರ್ಟ್ ಬಂದ ಮೇಲೆ ಆಪರೇಷನ್ ಮಾಡಿಸೋಣವೇ? (ಬೇಲೂರು ತಾಲ್ಲೂಕು)

ಉತ್ತರ: ಬೇಡ. ಕೊಟ್ಟ ದಿನಕ್ಕೆ ಹೋಗಿ ಅಡ್ಮಿಟ್ ಮಾಡಿಸಿ. ಯಾಕೆ ಅಂತ ಆಮೇಲೆ ಓದಿ.

ಲ್ಯಾಬಿನವರು ಹೇಳುವುದು ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಟಿಪಿ53 ಎಂಬ ಜೀನ್ ಇದೆ. ಕೋಶದ ಡಿಎನ್‌ಎ ಕೆಟ್ಟರೆ ಅದು ಎರಡಾಗದಂತೆ ತಡೆಯುವುದು, ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುವುದು ಅದರ ಕೆಲಸ. ಅದರಲ್ಲಿ ಕೆಲವು ಬಗೆಯ ಮ್ಯುಟೇಷನ್, ಅಂದರೆ ಜೀನಿನ ಅಕ್ಷರದಲ್ಲಿ ಬದಲಾವಣೆ, ಇರುವ ಗಡ್ಡೆಗಳು ಸರಾಸರಿಯಲ್ಲಿ ಹೆಚ್ಚು ಹಟಮಾರಿ, ನಿಜ. ಆದರೆ ಬಾಯಿ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಡ್ಡೆಗಳಲ್ಲಿ ಟಿಪಿ53 ಕೆಟ್ಟೇ ಇರುತ್ತದೆ. ಅದನ್ನು ನೋಡಿ ಹರಡುತ್ತದೆ ಅನ್ನುವುದು, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದವರೆಲ್ಲ ಬೆಂಗಳೂರಿಗೇ ಹೊರಟವರು ಅಂದ ಹಾಗೆ.

ನಮ್ಮವರಲ್ಲಿ ಜಾಸ್ತಿ ಬರುವುದು ಒಸಡು-ಕೆನ್ನೆ ಸಂದಿಯ ಕ್ಯಾನ್ಸರ್. ಹೊಗೆಸೊಪ್ಪು ಒತ್ತರಿಸಿ ಇಡುವ ಜಾಗ ಅದೇ ಅಲ್ವಾ? ಭಾರತದ ವಿಜ್ಞಾನಿಗಳು 2013ರಲ್ಲಿ ಇಂಥ ಗಡ್ಡೆಗಳ ಜೀನ್‌ಗಳನ್ನು ಓದಿ ಪ್ರಕಟಿಸಿದರು. ಟಿಪಿ53, ಎಫ್‌ಎಟಿ1, ಸಿಎಎಸ್‌ಪಿ8, ನಾಚ್1 ಸಿಕ್ಕವು. ಜೊತೆಗೆ ಯುಎಸ್‌ಪಿ9ಎಕ್ಸ್, ಎಆರ್‌ಐಡಿ2 ಥರದ ಹೊಸವೂ ಸಿಕ್ಕವು. ಒಳ್ಳೆಯ ಕೆಲಸ. ಆದರೆ ಇವು ಕೆಟ್ಟರೆ ಕ್ಯಾನ್ಸರ್ ಹುಟ್ಟಿಸುವ ಜೀನ್‌ಗಳು. ಹುಟ್ಟಿದ್ದು ಕತ್ತಿಗೆ ಇಳಿಯುತ್ತದೋ, ಶ್ವಾಸಕೋಶಕ್ಕೆ ಹೋಗುತ್ತದೋ ಅನ್ನುವುದು ಬೇರೆ ಲೆಕ್ಕ. ಕೋಶ ಪಕ್ಕದ ಕೋಶದ ಹಿಡಿತ ಬಿಟ್ಟು ಹೊರಡಬೇಕು. ಎಷ್ಟೋ ಸಲ ಜೀನಿನ ಅಕ್ಷರ ಒಂದೂ ಬದಲಾಗದೆ, ಕೆಲವು ಜೀನ್‌ಗಳು ಆನ್ ಆಗಿ ಕೆಲವು ಆಫ್ ಆಗಿಯೇ ಇದು ನಡೆದುಬಿಡುತ್ತದೆ. ಮ್ಯುಟೇಷನ್ ರಿಪೋರ್ಟ್‌ಗೆ ಅದು ಕಾಣುವುದೇ ಇಲ್ಲ. ಅದೂ ಅಲ್ಲದೆ, ಪರೀಕ್ಷೆಗೆ ಹೋಗುವುದು ಒಂದು ಚೂರು. ಒಂದೇ ಗಡ್ಡೆಯ ಈ ಮೂಲೆ ಆ ಮೂಲೆ ಒಂದೇ ಥರ ಇರುವುದಿಲ್ಲ.

ಸಿಸಿಎನ್‌ಡಿ1 ಎಂಬ ಜೀನಿನ ಪ್ರತಿಗಳು ಹೆಚ್ಚಾದ ಗಡ್ಡೆಗಳಿಗೂ ಕತ್ತಿನ ಗಂಟಿಗೂ (ಬಾಯಿ ಕ್ಯಾನ್ಸರ್ ಹರಡುವ ದುಗ್ಧಗ್ರಂಥಿಗೂ) ನಂಟು ಕಂಡಿದೆ. ಇರಲಿ. ನಿಮ್ಮ ತಂದೆಯ ರಿಪೋರ್ಟಿನಲ್ಲಿ ಅದು ಇಲ್ಲ ಅಂತ ಬಂತು ಅನ್ನಿ. ಕತ್ತಿನ ಗಂಟು ತೆಗೆಯದೆ ಬಿಡುತ್ತಾರಾ? ನಾನಂತೂ ಬಿಡುವುದಿಲ್ಲ. ಮುಂಬೈನ ಟಾಟಾ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಕತ್ತಿನಲ್ಲಿ ಗಂಟೇ ಸಿಗದ, ಇನ್ನೂ ಚಿಕ್ಕ ಗಡ್ಡೆಯವರಲ್ಲೂ ಮೊದಲೇ ಕತ್ತಿನ ಗಂಟು ತೆಗೆದು ಶುಚಿ ಮಾಡಿದಾಗ ಮೂರು ವರ್ಷದ ನಂತರ ಬದುಕಿದ್ದವರು ಶೇ 80. ಕಾದು ನೋಡಿದವರಲ್ಲಿ ಶೇ 67.5. ನಿಮ್ಮದು ನಾಲ್ಕನೇ ಹಂತ. ಅಲ್ಲಿ ಈ ಚರ್ಚೆಯೇ ಇಲ್ಲ.

ನೀವು ಕೇಳಬೇಕಾದ ರಿಪೋರ್ಟ್ ಆಪರೇಷನ್ ಆದ ಮೇಲೆ ಬರುವ ಪೆಥಾಲಜಿಯದು, ಅಂದರೆ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು. ಎಷ್ಟು ಗಂಟಿನಲ್ಲಿ ಕ್ಯಾನ್ಸರ್ ಇದೆ, ಗಂಟಿನ ಸಿಪ್ಪೆ ಒಡೆದು ಹೊರಬಂದಿದೆಯಾ, ಅಂಚು ಕ್ಲಿಯರ್ ಇದೆಯಾ, ನರದ ಗುಂಟ ಹರಿದಿದೆಯಾ. ಸಿಪ್ಪೆ ಒಡೆದಿದ್ದರೆ, ಇಲ್ಲವೇ ಅಂಚಿನಲ್ಲಿ ಉಳಿದಿದ್ದರೆ, ಮೈ ತಡೆದುಕೊಳ್ಳುವ ಹಾಗಿದ್ದರೆ, ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುತ್ತಾರೆ. ರೇಡಿಯೇಷನ್ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ದಿನ ಎಣಿಸುವುದಾದರೆ ಇದನ್ನು ಎಣಿಸಿ.

ಅರಕಲಗೂಡು ಕಡೆಯ ಒಬ್ಬ ತಂಬಾಕು ಬೆಳೆಗಾರರು ಇಂಥದೇ ರಿಪೋರ್ಟಿಗೆ ಕಾದರು. ವಾಪಸ್ ಬರುವಷ್ಟರಲ್ಲಿ ಕತ್ತಿನ ಗಂಟು ಕಲ್ಲಿನ ಹಾಗೆ ಅಂಟಿಕೊಂಡಿತ್ತು. ರಿಪೋರ್ಟಿನಲ್ಲಿ ಇದ್ದದ್ದು ಟಿಪಿ53. ಅಷ್ಟನ್ನು ನಾನು ಬಿಟ್ಟಿಯಾಗಿ ಹೇಳುತ್ತಿದ್ದೆ.

ಮುಂದೆ ಕಾಯಿಲೆ ಮರುಕಳಿಸಿದರೆ ಪಿಡಿ-ಎಲ್1 ಪರೀಕ್ಷೆ ಬಗ್ಗೆ ಕೇಳಿ. ಅದು ಇಮ್ಯುನೋಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಕೊಡಬೇಕೇ ಎಂದು ನೋಡಲು. ಈಗ ಸುಮ್ನೆ ದುಡ್ಡು ಉಳಿಸಿಕೊಳ್ಳಿ, ಮೂಗಿನ ಟ್ಯೂಬಿನ ಆಹಾರಕ್ಕೆ ಬೇಕಾಗುತ್ತದೆ.

ಪ್ರಶ್ನೆ: ಅಣ್ಣನ ಗಡ್ಡೆಯಲ್ಲಿ ಮ್ಯುಟೇಷನ್ ಇದೆಯಂತೆ. ಅವನ ಮಕ್ಕಳಿಗೂ ಪರೀಕ್ಷೆ ಬೇಕೇ? (ಕಡೂರು)

ಉತ್ತರ: ಗಡ್ಡೆಯಲ್ಲಿ ಆದ ಬದಲಾವಣೆ ಗಡ್ಡೆಯಲ್ಲೇ ಇರುತ್ತದೆ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಲವರಿಗೆ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ, ಅದು ಅಪರೂಪ. ಇಲ್ಲಿ ಅಪ್ಪನಿಂದ ಮಕ್ಕಳಿಗೆ ಬರುವುದು ಎಲೆಅಡಿಕೆ ಸಂಚಿ. ಅದನ್ನು ಒಲೆಗೆ ಹಾಕಿ.

ಪ್ರಶ್ನೆ: ಬಯಾಪ್ಸಿ ಮಾಡಿದರೆ ಹರಡುತ್ತದಂತೆ? (ಅರಸೀಕೆರೆ)

ಉತ್ತರ: ಇಲ್ಲ. ಹತ್ತನೇ ಸಲ ಹೇಳುತ್ತಿದ್ದೇನೆ.

ಪ್ರಶ್ನೆ: ಮರದ ಚಕ್ಕೆ ಕಷಾಯಕ್ಕೆ ಗಡ್ಡೆ ಕರಗುತ್ತದೆ, ಮೂರು ತಿಂಗಳು ಪಥ್ಯ ಮಾಡಿ ಎಂದಿದ್ದಾರೆ. (ಮೂಡಿಗೆರೆ)

ಉತ್ತರ: ಆ ಮೂರು ತಿಂಗಳಲ್ಲಿ ಕರಗುವುದು ರೋಗಿ. ಕಷಾಯ ಕೊಟ್ಟವರು ಆಮೇಲೆ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ನಮ್ಮದೇ ತೋಟದ ಅಡಿಕೆ, ತಂಬಾಕು ಸೇರಿಸುವುದಿಲ್ಲ. ತೊಂದರೆ ಇಲ್ಲ ತಾನೇ? (ಕೊಪ್ಪ)

ಉತ್ತರ: ತೋಟ ಯಾರದಾದರೇನು, ಅಡಿಕೆ ಅಗಿಯುವುದರಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿಯಾಗಿದೆ. ಈ ಮಾತಿಗೆ ಮಲೆನಾಡಿನಲ್ಲಿ ನನಗೆ ಬೈಗುಳ ಬಿದ್ದಿದೆ, ಇನ್ನೂ ಬೀಳಲಿ. ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಲ್ಲುಗಳ ನಡುವೆ ಹೋಗುತ್ತವಾ? ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ, ಈ ವಾರವೇ ಯಾರಾದರೂ ಡಾಕ್ಟರಿಗೆ ತೋರಿಸಿ, ಮತ್ತೆ ಪತ್ರ ಬರೆಯುತ್ತಾ ಕೂರಬೇಡಿ.