ಓದುಗರ ಪ್ರಶ್ನೆ: ಕಥೆ ಓದೋಕೆ ಶಾಮಿಯಾನ ಬೇಕಾ?

ಊರಿನ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕಥೆ ಓದುತ್ತಿದ್ದೆ ಅಂತ ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಗ್ರಂಥಾಲಯಕ್ಕೇ ಮೀಸಲು. ಮಲೆನಾಡಿನ ಸಣ್ಣ ಪಟ್ಟಣಗಳ ಶಾಖಾ ಗ್ರಂಥಾಲಯಗಳಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅಲ್ಲಿ ಕಂಡಿದ್ದನ್ನು, ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಪ್ರಶ್ನೆ: ನಮ್ಮದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಒಂದೇ ಕೋಣೆ. ನವೆಂಬರ್‌ನ ಗ್ರಂಥಾಲಯ ಸಪ್ತಾಹಕ್ಕೆ ಏನಾದರೂ ಒಳ್ಳೆಯ ಕಾರ್ಯಕ್ರಮ ಮಾಡಬೇಕು ಅಂತ ಆಸೆ. ಶಾಮಿಯಾನ, ಮೈಕು, ಊಟಕ್ಕೆಲ್ಲ ದುಡ್ಡಿಲ್ಲ. ಏನು ಮಾಡಲಿ?
– ಗ್ರಂಥಾಲಯ ಮೇಲ್ವಿಚಾರಕಿ, ಸೊರಬ ತಾಲ್ಲೂಕು

ಶಾಮಿಯಾನ ಇಲ್ಲದಿರುವುದೇ ಒಳ್ಳೆಯದಾಯಿತು ಅನ್ನುತ್ತೇನೆ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಾನು ನಡೆಸಿದ ಮೊದಲ ಸಪ್ತಾಹ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವೇದಿಕೆ ಮೇಲೆ ಹನ್ನೊಂದು ಜನ. ಎದುರಿಗೆ ಶಾಲೆಯಿಂದ ಸಾಲಾಗಿ ಕರೆತಂದ ಮಕ್ಕಳು. ಸ್ವಾಗತ, ಹಾರ, ಶಾಲು, ಭಾಷಣ ಅಂತ ಎರಡೂಕಾಲು ಗಂಟೆ ಹೋಯಿತು. ಜನ ಜಾಸ್ತಿ ಸೇರುತ್ತಾರೆ, ಪುಸ್ತಕ ಕಳೆದೀತು ಅಂತ ನಾನೇ ಬೀರುಗಳಿಗೆಲ್ಲ ಬೀಗ ಹಾಕಿದ್ದೆ. ಕೊನೆಗೆ ಒಬ್ಬ ಹುಡುಗ ಬೀರುವಿನ ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದ. 'ಮಿಸ್, ಆ ಹುಲಿ ಪುಸ್ತಕ ಕೊಡ್ತೀರಾ?' ಅಂದ. ನಾನು ಕುರ್ಚಿ ಲೆಕ್ಕ ಹಾಕುತ್ತಿದ್ದೆ. 'ನಾಳೆ ಬಾ' ಅಂದೆ. ಅವನು ಬರಲಿಲ್ಲ. ಅವನ ಹೆಸರನ್ನೂ ಕೇಳಿರಲಿಲ್ಲ ನಾನು. ಆ ಪುಸ್ತಕ ತುಂಬಾ ದಿನ ನನ್ನ ಮೇಜಿನ ಮೇಲೇ ಇತ್ತು.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ. ಗ್ರಂಥಾಲಯದಲ್ಲಿ ಏನೇ ನಡೆದರೂ, ಮುಗಿದ ಮೇಲೆ ಒಂದು ಪುಸ್ತಕವಾದರೂ ಯಾರದೋ ಚೀಲ ಸೇರಿ ಮನೆಗೆ ಹೋಗಬೇಕು. ಹೋಗದಿದ್ದರೆ ಆ ಕಾರ್ಯಕ್ರಮವನ್ನು ಕಲ್ಯಾಣ ಮಂಟಪದಲ್ಲೂ ಮಾಡಬಹುದಿತ್ತು, ಅಲ್ವಾ?

ಭಾನುವಾರ ಹತ್ತು ಗಂಟೆಗೆ ಕಥೆ ಓದಲು ಶುರುಮಾಡಿದಾಗ ಬಂದಿದ್ದು ಮೂರು ಮಕ್ಕಳು. ಮಳೆಗಾಲ ಬೇರೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಮಕ್ಕಳು ಹತ್ತಿರ ಸರಿದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮುಂದಿನ ವಾರ ಐದು. ದೀಪಾವಳಿ ಹೊತ್ತಿಗೆ ಹದಿನೆಂಟು. ಕಥೆಯನ್ನು ನಾನು ಯಾವತ್ತೂ ಪೂರ್ತಿ ಓದುತ್ತಿರಲಿಲ್ಲ. ನರಿ ಬಾವಿ ಹತ್ತಿರ ಬಂತು ಅನ್ನುವಾಗ ಪುಸ್ತಕ ಮುಚ್ಚಿ ಮೇಜಿನ ಮೇಲೆ ಇಡುತ್ತಿದ್ದೆ. ಅದನ್ನು ಯಾರು ಮನೆಗೆ ತಗೊಂಡು ಹೋಗಬೇಕು ಅಂತ ಮಕ್ಕಳಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತಿತ್ತು.

ಇನ್ನೊಂದು ಮಾತು. ಸಪ್ತಾಹ ನವೆಂಬರ್ 14ರಿಂದ 20ರವರೆಗೆ. ನಮ್ಮ ಕಡೆ ಅದು ಅಡಿಕೆ ಕೊಯ್ಲಿನ ಕಾಲ. ದೊಡ್ಡವರು ಯಾರೂ ಬರುವುದಿಲ್ಲ. ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ನೀವೇ ಹೋಗಿ. ಒಂದು ವರ್ಷ ನಾನು ಚೀಲದಲ್ಲಿ ಹತ್ತು ಪುಸ್ತಕ ಹಾಕಿಕೊಂಡು ಒಂದು ಮನೆಯ ಅಡಿಕೆ ಸುಲಿಯುವ ಅಂಗಳಕ್ಕೆ ಹೋದೆ. ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ನಾನು ಬಲ್ಬಿನ ಕೆಳಗೆ ಕೂತು ಓದಿದೆ. ಕೈ ಅದರ ಪಾಡಿಗೆ ಸುಲಿಯುತ್ತಿತ್ತು, ಕಿವಿ ನನ್ನ ಕಡೆಗಿತ್ತು. ಎದ್ದು ಹೊರಟಾಗ 'ಆ ಸೊಸೆ ಕೊನೆಗೆ ಏನಾದಳು?' ಅಂತ ಅಜ್ಜಿಯೊಬ್ಬರು ಬಾಗಿಲವರೆಗೂ ಬಂದರು. ನಾಲ್ಕು ಪುಸ್ತಕ ಅಲ್ಲೇ ಬಿಟ್ಟು ಬಂದೆ. ಜನವರಿಯಲ್ಲಿ ನಾಲ್ಕೂ ವಾಪಸ್ ಬಂದವು, ಒಂದಕ್ಕೆ ಅಡಿಕೆ ಚೊಗರಿನ ಕೆಂಪು ಕಲೆ ಅಂಟಿಕೊಂಡಿತ್ತು. ಆ ಕಲೆ ನನಗೆ ಇಷ್ಟ.

ಇದೇನೂ ನನ್ನ ಹೊಸ ಉಪಾಯ ಅಲ್ಲ. ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ತೋರಿದ ಎಸ್.ಆರ್. ರಂಗನಾಥನ್ ಅವರ ಕಾಲದಲ್ಲೇ, 1931ರಲ್ಲಿ, ತಮಿಳುನಾಡಿನ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದರು. ನಿಮ್ಮ ಹತ್ತಿರ ಸ್ಕೂಟಿ ಇರಬಹುದು. ಅದೇ ಸಾಕು.

ಪ್ರಶ್ನೆ: ನನಗೆ ಓದುವ ಹುಚ್ಚು. ಆದರೆ ನಮ್ಮೂರ ಗ್ರಂಥಾಲಯಕ್ಕೆ ಹೋದರೆ ಪೇಪರ್ ಓದುವ ಗಂಡಸರೇ ತುಂಬಿರುತ್ತಾರೆ. ಬಾಗಿಲಲ್ಲಿ ನಿಂತರೆ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಎರಡು ಸಲ ಹೋಗಿ ವಾಪಸ್ ಬಂದೆ.
– ಗೃಹಿಣಿ, ಕೊಪ್ಪ

ನಿಮ್ಮ ಪತ್ರ ಓದಿ ಸಂಕಟವಾಯಿತು. ಆ ಬಾಗಿಲಿಂದ ವಾಪಸ್ ಹೋದ ಎಷ್ಟೋ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಮೊದಮೊದಲು ಅದು ನನ್ನ ಗಮನಕ್ಕೇ ಬರುತ್ತಿರಲಿಲ್ಲ. ನಾನೇ ಹೆಂಗಸು, ದಿನಾ ಅಲ್ಲೇ ಕೂತಿರುತ್ತಿದ್ದೆ. ಮೇಜಿನ ಈ ಕಡೆ ಕೂತವಳಿಗೆ ಆ ಕಡೆಯ ಕಷ್ಟ ಕಾಣಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆ. ಪೇಪರ್ ಮೇಜು ಬಾಗಿಲಿಗೆ ಎದುರಾಗಿತ್ತು, ಅದನ್ನು ಒಳಗಿನ ಗೋಡೆಗೆ ಸರಿಸಿ ಕುರ್ಚಿಗಳ ಮುಖ ಕಿಟಕಿ ಕಡೆ ತಿರುಗಿಸಿದೆ. ಕಾದಂಬರಿ, ಅಡುಗೆ, ಮಕ್ಕಳ ಪುಸ್ತಕದ ಕಪಾಟನ್ನು ಬಾಗಿಲ ಪಕ್ಕಕ್ಕೆ ತಂದೆ. ಒಳಗೆ ಎರಡು ಹೆಜ್ಜೆ ಇಟ್ಟರೆ ಪುಸ್ತಕ ಕೈಗೆ ಸಿಗುವ ಹಾಗೆ. ಇನ್ನೊಂದು, ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೆಂಗಸರ ಓದಿನ ಹೊತ್ತು. ಊಟದ ಪಾತ್ರೆ ತೊಳೆದಾಗಿರುತ್ತದೆ, ಮಕ್ಕಳು ಶಾಲೆಯಿಂದ ಬಂದಿರುವುದಿಲ್ಲ. ಆ ಹೊತ್ತು ಬಿಟ್ಟು ಬೇರೆ ಯಾವ ಹೊತ್ತೂ ಅವರಿಗೆ ಆಗುವುದಿಲ್ಲ ಅಂತ ತಿಳಿಯೋಕೆ ನನಗೆ ಆರು ತಿಂಗಳು ಬೇಕಾಯಿತು.

ಅಲ್ಲಿ ಚರ್ಚೆ, ಸಂವಾದ ಅಂತೆಲ್ಲ ಹೆಸರಿಡಲಿಲ್ಲ. ಒಬ್ಬರು ಓದಿದ ಪುಸ್ತಕದ ಕಥೆ ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಒಂದು ಗುರುವಾರ ಮಾತು ಪುಸ್ತಕದಿಂದ ಶುರುವಾಗಿ ಒಬ್ಬರ ಮಗಳ ಕಾಲೇಜು ಫೀಸಿಗೆ ಬಂತು. ಇನ್ನೊಬ್ಬರಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಗೊತ್ತಿತ್ತು. ಅಲ್ಲೇ ಕೂತು ತುಂಬಿದರು. ಗ್ರಂಥಾಲಯ ಅಂದರೆ ನನಗೆ ಇದೇ.

ನೀವು ಒಬ್ಬರೇ ಹೋಗಬೇಡಿ. ಪಕ್ಕದ ಮನೆಯವರನ್ನು, ನಾದಿನಿಯನ್ನು, ಯಾರಾದರೂ ಮೂರು ಜನರನ್ನು ಕರೆದುಕೊಂಡು ಹೋಗಿ. ಗ್ರಂಥಪಾಲಕರಿಗೆ ಒಂದು ಚೀಟಿ ಬರೆದುಕೊಡಿ, 'ನಮಗೆ ವಾರಕ್ಕೆ ಒಂದು ಹೊತ್ತು ಬೇಕು' ಅಂತ. ನಾಲ್ಕು ಸಹಿ ಇರುವ ಚೀಟಿಯನ್ನು ಯಾರೂ ಸುಮ್ನೆ ಪಕ್ಕಕ್ಕೆ ಇಡುವುದಿಲ್ಲ.

ಪ್ರಶ್ನೆ: ಮಕ್ಕಳಿಗೆ ಪುಸ್ತಕ ಕೊಟ್ಟರೆ ಹರಿಯುತ್ತಾರೆ, ಕಳೆಯುತ್ತಾರೆ. ಲೆಕ್ಕ ಕೊಡಬೇಕಾದವನು ನಾನು. ಕಾರ್ಯಕ್ರಮ ಮಾಡಿ ಅನ್ನುವುದು ಸುಲಭ.
– ಗ್ರಂಥಾಲಯ ಸಿಬ್ಬಂದಿ, ಚಿಕ್ಕಮಗಳೂರು ಜಿಲ್ಲೆ

ನಿಮ್ಮ ಭಯ ನಿಜವಾದದ್ದು. ನನ್ನ ಸಂಬಳದಿಂದಲೂ ಪುಸ್ತಕದ ದುಡ್ಡು ಕಟ್ಟಿದ್ದೇನೆ. ಆದರೂ ಕೊಡಿ ಅಂತಲೇ ಹೇಳುತ್ತೇನೆ.

ಹರಿದ ಪುಸ್ತಕಕ್ಕೆ ನಾವು ಒಂದು ದಾರಿ ಕಂಡುಕೊಂಡೆವು. ತಿಂಗಳ ಕೊನೆಯ ಭಾನುವಾರ ಪುಸ್ತಕ ಹೊಲಿಯುವ ದಿನ. ದಬ್ಬಳ, ದಾರ, ಹಳೆ ಕ್ಯಾಲೆಂಡರ್ ಹಾಳೆ, ಮೈದಾ ಅಂಟು. ಹುಳ ಹಿಡಿಯದಿರಲಿ ಅಂತ ಅಂಟಿಗೆ ಹಳಬರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಮಕ್ಕಳಿರುವ ದಿನ ಬರೀ ಮೈದಾ ಸಾಕು. ಪುಸ್ತಕದ ಬೆನ್ನು ಹೊಲಿದ ಮಗು ಮತ್ತೆ ಪುಸ್ತಕ ಹರಿದದ್ದನ್ನು ನಾನು ನೋಡಿಲ್ಲ. ಒಬ್ಬ ಹುಡುಗ ತಾನು ಹೊಲಿದ ಪುಸ್ತಕ ಯಾರು ತಗೊಂಡು ಹೋದರು ಅಂತ ರಿಜಿಸ್ಟರ್ ನೋಡಿ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದ.

ಕಳೆದ ಪುಸ್ತಕದ ಲೆಕ್ಕವನ್ನು ಮುಚ್ಚಿಡಬೇಡಿ. ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಮೇಲಿನವರಿಗೆ ಬರೆದು ತಿಳಿಸಿ. 'ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ' ಅನ್ನುವುದು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಎರಡು. ಬೀರುವಿನಲ್ಲಿ ಹೊಸದಾಗಿಯೇ ಉಳಿದ ಪುಸ್ತಕ ಕೂಡ ಕಳೆದುಹೋದ ಪುಸ್ತಕವೇ. ಅದಕ್ಕೆ ಓದುಗ ಸಿಗಲಿಲ್ಲ ತಾನೇ?

ಪ್ರಶ್ನೆ: ನಾನು ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಮನೆಯಲ್ಲಿ ಜಾಗವಿಲ್ಲ, ಗ್ರಂಥಾಲಯವೇ ಗತಿ. ಅಲ್ಲಿ ಮಕ್ಕಳ ಕಾರ್ಯಕ್ರಮ ಇಟ್ಟರೆ ಗಲಾಟೆ. ನಾವೆಲ್ಲಿ ಹೋಗೋಣ?
– ಪದವೀಧರ, ಸಾಗರ

ನಿಮಗೆ ಶಾಂತಿ ಬೇಕು ಅನ್ನುವುದು ನ್ಯಾಯ. ಮಕ್ಕಳಿಗೂ ಜಾಗ ಬೇಕು. ಕೋಣೆ ಒಂದೇ ಇದ್ದರೆ ಹೊತ್ತು ಹಂಚಿಕೊಳ್ಳಬೇಕು. ವಾರಕ್ಕೆ ಒಂದು ಗಂಟೆ, ಯಾವಾಗಲೂ ಅದೇ ಗಂಟೆ, ಬಾಗಿಲಲ್ಲಿ ಬೋರ್ಡು. ಮಳೆ ಇಲ್ಲದ ದಿನ ನಾವು ಹೊರಗೆ ಹೊಂಗೆ ಮರದ ಕೆಳಗೆ ಚಾಪೆ ಹಾಕುತ್ತಿದ್ದೆವು.

ನಮ್ಮಲ್ಲೂ ನಿಮ್ಮಂಥ ಆರೇಳು ಹುಡುಗರು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಮಧ್ಯಾಹ್ನ ಒಂದು ಬನ್ನು, ಒಂದು ಟೀ. ಅವರನ್ನು ನೋಡಿದಾಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತಿತ್ತು. ಒಬ್ಬನಿಗೆ ಕೇಳಿದೆ, ಏಳನೇ ಕ್ಲಾಸಿನ ಮಕ್ಕಳಿಗೆ ಭಾನುವಾರ ಅರ್ಧ ಗಂಟೆ ಲೆಕ್ಕ ಹೇಳಿಕೊಡುತ್ತೀಯಾ ಅಂತ. ಒಪ್ಪಿದ. ಶೇಕಡಾ, ಲಾಭ-ನಷ್ಟ, ಸರಳ ಬಡ್ಡಿ. ಅವನ ಪರೀಕ್ಷೆಗೂ ಅವೇ ಪಾಠ. ಮಕ್ಕಳಿಗೆ ಹೇಳಿಕೊಟ್ಟಿದ್ದು ತನಗೇ ಗಟ್ಟಿಯಾಯಿತು ಅಂತ ಹೇಳಿದ. ನೀವೂ ಒಮ್ಮೆ ಮಾಡಿ ನೋಡಿ.

ಪ್ರಶ್ನೆ: ಗ್ರಂಥಾಲಯಕ್ಕೆ ಇದು ಬೇಕು ಅದು ಬೇಕು ಅಂತ ಕೇಳೋಕೆ ನಮಗೇನು ಹಕ್ಕಿದೆ? ಪುಕ್ಕಟೆ ಸಿಗುವುದನ್ನು ಸುಮ್ಮನೆ ತಗೋಬೇಕು ಅನ್ನುತ್ತಾರೆ ನಮ್ಮ ಯಜಮಾನರು.
– ಓದುಗರು, ತರೀಕೆರೆ

ಪುಕ್ಕಟೆ ಅಲ್ಲ! ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಬಂತು. ಅದರ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯಕ್ಕೆ. 2,000 ರೂಪಾಯಿ ತೆರಿಗೆ ಕಟ್ಟಿದರೆ 120 ರೂಪಾಯಿ. ನೀವು ಕೊಟ್ಟ ದುಡ್ಡು ಅದು. ಅದನ್ನು ವಸೂಲಿ ಮಾಡುವವರು ಸ್ಥಳೀಯ ಸಂಸ್ಥೆಯವರು, ಅವರು ಅದನ್ನು ಗ್ರಂಥಾಲಯಕ್ಕೆ ತಲುಪಿಸಬೇಕು. ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಚರಂಡಿ, ಬೀದಿ ದೀಪದ ಬಗ್ಗೆ ಕೇಳುವಷ್ಟೇ ಜೋರಾಗಿ ಕೇಳಿ.

ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ನೆಂಟರ ಮಕ್ಕಳು ಹಳ್ಳಿಯಲ್ಲಿದ್ದರೆ ಇದನ್ನು ಹೇಳಿ. ಎಷ್ಟೋ ಜನರಿಗೆ ಇನ್ನೂ ಗೊತ್ತಿಲ್ಲ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ನಮ್ಮೂರ ಗ್ರಂಥಾಲಯಕ್ಕೆ ಮನೆಯಲ್ಲಿರುವ ಹಳೆ ಪುಸ್ತಕ ಕಳಿಸಬೇಕು ಅಂತಿದೆ.
– ತೀರ್ಥಹಳ್ಳಿ ಮೂಲದ ಓದುಗರು

ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಹಳೆ ಗೈಡು, ಸಿಲಬಸ್ ಬದಲಾದ ಎಂಜಿನಿಯರಿಂಗ್ ಪುಸ್ತಕ ಕಳಿಸಬೇಡಿ. ಅವು ಜಾಗ ತಿನ್ನುತ್ತವೆ. ಚಿತ್ರ ಇರುವ ದಪ್ಪ ಅಕ್ಷರದ ಕನ್ನಡ ಮಕ್ಕಳ ಪುಸ್ತಕ ಎಷ್ಟಿದ್ದರೂ ಸಾಲದು. ಒಂದೆರಡು ಮಕ್ಕಳ ಪತ್ರಿಕೆಗೆ ವರ್ಷದ ಚಂದಾ ಕಟ್ಟಿದರೆ ಇನ್ನೂ ಒಳ್ಳೆಯದು. ಊರಿಗೆ ಬಂದಾಗ ಒಂದು ಭಾನುವಾರ ಹೋಗಿ ಒಮಾನ್ ಹೇಗಿದೆ, ಅಲ್ಲಿ ಸಮುದ್ರ ಹೇಗಿದೆ ಅಂತ ಮಕ್ಕಳಿಗೆ ಹೇಳಿ. ಭೂಪಟ ಕೈಯಲ್ಲಿರಲಿ.

ಪ್ರಶ್ನೆ: ನನಗೆ 74. ಕಣ್ಣು ಮಂಜಾಗಿದೆ, ಆಪರೇಷನ್ ಆದಮೇಲೂ ಸಣ್ಣ ಅಕ್ಷರ ಕಾಣುವುದಿಲ್ಲ. ನನ್ನ ಹೆಂಡತಿ ಓದಿ ಹೇಳುತ್ತಿದ್ದಳು. ಅವಳು ಹೋಗಿ ಒಂದು ವರ್ಷವಾಯಿತು. ಗ್ರಂಥಾಲಯದಲ್ಲಿ ನನ್ನಂಥವನಿಗೆ ಏನಾದರೂ ಇದೆಯೇ?
– ನಿವೃತ್ತ ನೌಕರರು, ಶಿವಮೊಗ್ಗ ಜಿಲ್ಲೆ

ಇದೆ. ಖಂಡಿತ ಇದೆ.

ನಮ್ಮ ನಾಡಿನಲ್ಲಿ ಓದು ಅಂದರೆ ಮೊದಲಿನಿಂದಲೂ ಕೇಳುವುದೇ ಅಲ್ವಾ? ಒಬ್ಬರು ಭಾರತ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರೆಲ್ಲ ಕೂತು ಕೇಳುತ್ತದೆ. ನಿಮ್ಮ ಜಿಲ್ಲೆಯ ಹೊಸಹಳ್ಳಿ ಹೀಗೆ ಕಾವ್ಯ ಓದುವ ಗಮಕಕ್ಕೇ ಹೆಸರಾದ ಊರು. ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಾಯಿಪಾಠ ಮಾಡಿಕೊಂಡಿದ್ದು ಹೀಗೆ ಕೇಳಿಯೇ.

ನನ್ನ ಗ್ರಂಥಾಲಯಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಪೇಪರನ್ನು ಮೂಗಿಗೆ ತಾಗಿಸಿ ಹಿಡಿದು, ಆಗದೆ, ಮಡಚಿ ಇಡುತ್ತಿದ್ದರು. ಅದೇ ಹೊತ್ತಿಗೆ ಆರನೇ ಕ್ಲಾಸಿನ ಒಂದು ಹುಡುಗಿ ಬಸ್ಸು ಬರುವವರೆಗೆ ಅಲ್ಲಿ ಕಾಯುತ್ತಿದ್ದಳು. ಅಜ್ಜನಿಗೆ ಪೇಪರ್ ಓದಿ ಹೇಳುತ್ತೀಯಾ ಅಂದೆ. ದಿನಕ್ಕೆ ಇಪ್ಪತ್ತು ನಿಮಿಷ. ಅವಳು 'ಶ', 'ಷ' ತಪ್ಪಿದರೆ ಮೇಷ್ಟ್ರು ತಿದ್ದುತ್ತಿದ್ದರು. ಒಂದು ತಿಂಗಳಾದ ಮೇಲೆ ಪೇಪರ್ ಬಿಟ್ಟು ಕಾದಂಬರಿ ಹಿಡಿದರು. ಬಸ್ಸು ಬೇಗ ಬಂದ ದಿನ ಮೇಷ್ಟ್ರ ಮುಖ ಸಣ್ಣದಾಗುತ್ತಿತ್ತು. ನಾನು ಏರ್ಪಾಡು ಮಾಡಿದ ಎಲ್ಲಾ ಕಾರ್ಯಕ್ರಮಗಳಲ್ಲಿ ಇದು ಅತಿ ಚಿಕ್ಕದು. ಇದಕ್ಕೊಂದು ಬೋರ್ಡೂ ಇರಲಿಲ್ಲ. ನನಗೆ ತುಂಬಾ ಹೆಮ್ಮೆ ಇರುವುದು ಇದರ ಬಗ್ಗೆಯೇ.

ನಿಮ್ಮ ಮನೆಯವರು ಕೊನೆಗೆ ಓದುತ್ತಿದ್ದ ಪುಸ್ತಕ ಯಾವುದು? ಅವರು ನಿಲ್ಲಿಸಿದ ಪುಟದಲ್ಲಿ ಗುರುತು ಇರಬಹುದು. ಅದನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ. ಸೋಮವಾರ ಬೇಡ, ಅವತ್ತು ರಜೆ. ಗ್ರಂಥಪಾಲಕರಿಗೆ ಪುಸ್ತಕ ತೋರಿಸಿ, ಇಲ್ಲಿಂದ ಮುಂದಕ್ಕೆ ಓದಿ ಹೇಳೋಕೆ ಯಾರಾದರೂ ಮಕ್ಕಳು ಸಿಗುತ್ತಾರಾ ಅಂತ ಕೇಳಿ. ಸಿಕ್ಕಿದರೆ ನನಗೊಂದು ಕಾರ್ಡ್ ಬರೆಸಿ ಹಾಕಿ. ಸಿಗದಿದ್ದರೂ ಬರೆಸಿ. ಆ ಕಡೆ ನನಗೆ ಗೊತ್ತಿರುವ ಮೇಷ್ಟ್ರುಗಳಿದ್ದಾರೆ, ಅವರ ಶಾಲೆಯ ಮಕ್ಕಳಲ್ಲಿ ಕೇಳಿಸುತ್ತೇನೆ.