ಎರಡೂವರೆ ವರ್ಷ ಸಾಲದೇ?

ಎರಡೂವರೆ ವರ್ಷವಷ್ಟೇ ಬಾಕ್ಸಿಂಗ್‌ನ ಫೆದರ್‌ವೇಟ್ ತೂಕ ವಿಭಾಗದ ಚಾಂಪಿಯನ್ ಆಗಿದ್ದ ಮೆಕ್ಸಿಕೊದ ಸಾಲ್ವಡಾರ್ ಸಾಂಚೆಸ್‌ನನ್ನು ಶ್ರೇಷ್ಠ ಎನ್ನುವುದು ಬರೀ ಅನುಕಂಪವಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅವನು ಯಾರನ್ನು ಸೋಲಿಸಿದ ಎಂಬುದನ್ನು ನೋಡಿ. 1981ರ ಆಗಸ್ಟ್‌ನಲ್ಲಿ ಎದುರಿಗೆ ನಿಂತ ವಿಲ್ಫ್ರೆಡೊ ಗೋಮೆಸ್ ಸೋಲನ್ನೇ ಕಾಣದವನು; ಗೆದ್ದ 32 ಪಂದ್ಯಗಳೂ ನಾಕೌಟ್! ಅಂಥವನನ್ನು ಮೊದಲ ಸುತ್ತಿನಲ್ಲೇ ನೆಲಕ್ಕೆ ಕೆಡವಿ, ಕಣ್ಣು ಊದಿ ಮುಚ್ಚುವಂತೆ ಹೊಡೆದು, ಎಂಟನೆಯದರಲ್ಲಿ ಕತೆ ಮುಗಿಸಿದ. ಮರುವರ್ಷ, ಆಗಿನ್ನೂ ಹೆಚ್ಚು ಹೆಸರಿಲ್ಲದ ಅಜುಮಾ ನೆಲ್ಸನ್ ಬೆವರಿಳಿಸಿದ್ದು ನಿಜ. ಪಂದ್ಯ 15ನೇ ಸುತ್ತಿಗೆ ಹೋಯಿತು, ಅಲ್ಲಿ ಸಾಂಚೆಸ್ ಗೆದ್ದ. ಆದರೆ ಅದೇ ನೆಲ್ಸನ್ 1984ರಲ್ಲಿ ಗೋಮೆಸ್‌ನಿಂದ ಇದೇ ಪಟ್ಟ ಕಿತ್ತುಕೊಂಡ. ಸಾಂಚೆಸ್‌ನ ಗೆಲುವಿನ ತೂಕ ಆಗ ತಿಳಿಯಿತು. ಅದನ್ನು ನೋಡಲು ಅವನಿರಲಿಲ್ಲ. ನೆಲ್ಸನ್ ಪಂದ್ಯದ ಮೂರೇ ವಾರಕ್ಕೆ ಕಾರು ಅಪಘಾತದಲ್ಲಿ ಹೋದ, 23ರ ಪ್ರಾಯದಲ್ಲಿ.